ಎಂಟನೆಯ ಗುಂಡಿ

ಸ್ಟೀಲ್ ಲೋಟಕ್ಕೆ ಚಮಚ ತಾಗಿದ ಸದ್ದು ಕೇಳಿದರೆ ಇಂದಿಗೂ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದುಬಿಡುತ್ತೇನೆ. ಪಾರ್ಶ್ವವಾಯು ಬಡಿದು ಮಾತು ಹೋದ ಮೇಲೆ ನನ್ನ ಅತ್ತೆ ರುದ್ರಮ್ಮ ಮನೆಯವರನ್ನು ಕರೆಯುತ್ತಿದ್ದದ್ದು ಹಾಗೆ. ಓಡಿ ಹೋಗುತ್ತಿದ್ದವಳು ನಾನು. ಅವರಿಗೆ ಬೇಕಾಗಿದ್ದವರು ಬರುತ್ತಿರಲಿಲ್ಲ. ಮಾವ ಪರಮೇಶಪ್ಪನವರು ಹಗಲೆಲ್ಲ ಮನೆಯ ಮುಂದಿನ ಹಿಟ್ಟಿನ ಗಿರಣಿಯಲ್ಲಿರುತ್ತಿದ್ದರು. ಆ ಗದ್ದಲದಲ್ಲಿ ಚಮಚದ ಸದ್ದು ಯಾರಿಗೆ ಕೇಳೀತು ಎಂದುಕೊಂಡಿದ್ದೆ. ಅತ್ತೆ ಮಾತ್ರ ದಿನದಿನಕ್ಕೆ ಸೊರಗುತ್ತಿದ್ದರು.

ಮಾತಿನ ತರಬೇತಿ ಕೊಡಲು ಬರುತ್ತಿದ್ದ ಸುಚೇತಾ ಒಂದು ಪೆಟ್ಟಿಗೆ ತಂದಳು. ಅದರಲ್ಲಿ ಎಂಟು ಗುಂಡಿಗಳು. ಒಂದೊಂದಕ್ಕೂ ಒಂದು ಮಾತು ರೆಕಾರ್ಡ್ ಮಾಡಿಟ್ಟರೆ, ಒತ್ತಿದಾಗ ಪೆಟ್ಟಿಗೆ ಅದನ್ನು ನುಡಿಯುತ್ತಿತ್ತು. "ನೀರು ಬೇಕು", "ನೋಯ್ತಿದೆ", "ಸಾಕು" ಎಂದೆಲ್ಲ ನನ್ನ ದನಿಯಲ್ಲೇ ತುಂಬಿಸಿದೆ. ಎಂಟನೆಯದಕ್ಕೆ, "ಮಾವನವರೇ, ಸ್ವಲ್ಪ ಬನ್ನಿ" ಎಂದೆ. ಅತ್ತೆ ಅದನ್ನೊಮ್ಮೆ ಒತ್ತಿ ಕೇಳಿದರು. ಪೆಟ್ಟಿಗೆಯನ್ನು ಮಂಚದ ಆ ತುದಿಗೆ ತಳ್ಳಿ ಮತ್ತೆ ಚಮಚ ಹಿಡಿದರು.

"ಯಜಮಾನರನ್ನ ಇವರು ಏನಂತ ಕರೀತಿದ್ರು?" ಸುಚೇತಾ ಕೇಳಿದಳು.

"ರೀ ಅಂತ."

"ಹಾಗಾದ್ರೆ ಅದನ್ನೇ ಹೇಳಿ."

ನನಗೆ ನಾಲಿಗೆ ಏಳಲಿಲ್ಲ. ಸೊಸೆಯಾದವಳು ಮಾವನನ್ನು 'ರೀ' ಎನ್ನುವುದುಂಟೇ?

"ಹೋಗ್ಲಿ, ನಾನೇ ಹೇಳ್ಲಾ?" ಎಂದಳು ಸುಚೇತಾ. ಅತ್ತೆ ನೋಡಿದ ನೋಟಕ್ಕೆ ಅವಳು ತೆಪ್ಪಗಾದಳು. ನನಗೆ ನಗುವೂ ಬಂತು, ಪಾಪ ಎಂದೂ ಅನಿಸಿತು.

ಮಧ್ಯಾಹ್ನ ಊಟಕ್ಕೆ ಕುಳಿತ ಮಾವನಿಗೆ ಪೆಟ್ಟಿಗೆ ತಂದು ತೋರಿಸಿ ಇದನ್ನೆಲ್ಲ ಹೇಳಿದೆ. "ಚಮಚದ ಸದ್ದು ನಿಮಗೆ ಕೇಳಿಸಲ್ಲ, ಅದಕ್ಕೇ ಇಷ್ಟೆಲ್ಲಾ" ಎಂದೆ.

ಅವರು ತುತ್ತು ಕಲಸುವುದನ್ನು ನಿಲ್ಲಿಸಿದರು. "ಕೇಳ್ಸುತ್ತೆ ಕಣಮ್ಮ. ದಿನಾ ಕೇಳ್ಸುತ್ತೆ. ಅಷ್ಟು ಮಾತಾಡ್ತಿದ್ದೋಳು ಲೋಟ ಬಡೀತಾ ಕೂತಿರೋದನ್ನ ನೋಡೋಕೆ ನನಗೆ ಕಾಲೇ ಬರಲ್ಲ."

ಕೈ ತೊಳೆದು ಬಂದ ಮಾವ ಪೆಟ್ಟಿಗೆ ಎತ್ತಿಕೊಂಡು ಪಕ್ಕದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಮರುದಿನ ಬೆಳಿಗ್ಗೆ ಗಿರಣಿ ಜೋರಾಗಿ ಓಡುತ್ತಿತ್ತು. ಮಂಚಕ್ಕೆ ಮರಳಿ ಬಂದಿದ್ದ ಪೆಟ್ಟಿಗೆಯ ಎಂಟನೆಯ ಗುಂಡಿಯನ್ನು ಅತ್ತೆ ಒತ್ತಿದರು.

"ರೀ... ಇಲ್ಲಿ ಬರ್ತೀರಾ..."

ದನಿ ಮಾವನದು, ಒರಟು. ರಾಗ ಮಾತ್ರ ಅತ್ತೆಯದೇ. ಅದೇ ಎಳೆತ, ಕೊನೆಯಲ್ಲಿ ಅದೇ ಸಣ್ಣ ಗದರಿಕೆ. ಇಷ್ಟು ವರ್ಷ ಕೇಳಿದ್ದನ್ನು ಮಾವ ಒಂದಿಷ್ಟೂ ಮರೆತಿರಲಿಲ್ಲ. ಅಡುಗೆಮನೆಯಲ್ಲಿ ನಿಂತಿದ್ದ ನನಗೆ ಅಳು ತಡೆಯಲಾಗಲಿಲ್ಲ.

ಗಿರಣಿ ನಿಂತಿತು. "ಬಂದೆ" ಎಂಬ ಉತ್ತರ ಕೇಳಿಸಿತು.

ನಾನು ಇಬ್ಬರಿಗೂ ಕಾಫಿ ಒಯ್ದಾಗ ಮಾವ ಮಂಚದ ಅಂಚಿನಲ್ಲಿ ಕುಳಿತಿದ್ದರು. ಅವರು ಅತ್ತೆಯ ಕೈಯಿಂದ ಚಮಚ ತೆಗೆದುಕೊಂಡು, ಅವರ ಲೋಟದಲ್ಲಿ ಸದ್ದಾಗದಂತೆ ಸಕ್ಕರೆ ಕಲಕಿದರು.