ದೀಪಸ್ತಂಭದ ಕಡೆ ಹೋದ ಟ್ರಾಮು

ಹಡಗು ಹತ್ತಲು ಸಂಜೆ ನಾಲ್ಕರವರೆಗೆ ಸಮಯವಿತ್ತು. ಗಂಡ ಹೆಂಡತಿ ಇಬ್ಬರೂ ರೈಲಿನಿಂದ ಇಳಿದದ್ದು ಬೆಳಿಗ್ಗೆ ಒಂಬತ್ತಕ್ಕೆ. ಹಡಗಿನ ಕಚೇರಿಯವರು ನಿಲ್ದಾಣದಲ್ಲೇ ಪೆಟ್ಟಿಗೆಗಳನ್ನು ತೆಗೆದುಕೊಂಡು, ಚೀಟಿ ಅಂಟಿಸಿ, ವ್ಯಾನಿಗೆ ಹಾಕಿಕೊಂಡು ಹೋದರು. ಟೈಲರಮ್ಮನ ಫೋನೂ ಒಂದು ಪೆಟ್ಟಿಗೆಯೊಳಗೆ, ಮಡಿಸಿದ ಟವೆಲ್ಲಿನ ಕೆಳಗೆ ಕುಳಿತು ಹೊರಟೇಹೋಯಿತು. ಅವಳಿಗೆ ಅದು ನೆನಪಾಗುವ ಹೊತ್ತಿಗೆ ವ್ಯಾನು ಮೂಲೆ ತಿರುಗಿತ್ತು.

“ಹೋಗ್ಲಿ ಬಿಡು, ನನ್ನ ಹತ್ರ ಒಂದಿದೆಯಲ್ಲ,” ಎಂದ ಗಂಡ. “ನಾವಿಬ್ರೂ ಜೊತೇಲೇ ಇರ್ತೀವಿ. ನೀನು ಯಾರಿಗೆ ಫೋನ್ ಮಾಡ್ಬೇಕು?”

ಅವನನ್ನು ಅವರ ಊರಿನವರೆಲ್ಲ ಡ್ರೈವರಣ್ಣ ಎಂದೇ ಕರೆಯುತ್ತಿದ್ದರು. ಮೂವತ್ತೆರಡು ವರ್ಷ ಬಸ್ಸು ಓಡಿಸಿ, ಒಂದೇ ಒಂದು ಕನ್ನಡಿ ಕೂಡ ಒಡೆಯದೆ ನಿವೃತ್ತನಾದವನು. ಅವಳು ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷಿನ್ ಇಟ್ಟುಕೊಂಡು, ಅರ್ಧ ಊರಿನ ಮಕ್ಕಳಿಗೆ ಶಾಲೆಯ ಸಮವಸ್ತ್ರ ಹೊಲಿದು ಟೈಲರಮ್ಮ ಎನಿಸಿಕೊಂಡವಳು. ಮದುವೆಯಾಗಿ ನಲವತ್ತು ವರ್ಷ ತುಂಬಿತೆಂದು ಮಗಳು, ಅಳಿಯ ಸೇರಿ ಏಳು ದಿನದ ಹಡಗಿನ ಪ್ರವಾಸ ಮಾಡಿಸುತ್ತಿದ್ದರು. ಹೊರಡುವ ಮುನ್ನ ಆ ಹಳೆಯ ಬಂದರು ಪಟ್ಟಣವನ್ನು ಒಂದು ಸುತ್ತು ನೋಡಬೇಕೆಂದು ಅವಳ ಆಸೆ. ಟ್ಯಾಕ್ಸಿ ಬೇಡ, ಊರು ನೋಡಬೇಕಾದರೆ ಊರಿನವರು ಓಡಾಡುವುದರಲ್ಲೇ ಓಡಾಡಬೇಕು ಎಂದು ಅವನ ಹಟ.

ಬೆಳಗಿನ ಹೊತ್ತು ಚೆನ್ನಾಗಿಯೇ ಕಳೆಯಿತು. ಮೀನಿನ ಮಾರುಕಟ್ಟೆಯ ನೆಲಕ್ಕೆ ಪೈಪಿನಲ್ಲಿ ನೀರು ಬಿಡುತ್ತಿದ್ದರು. ಇಬ್ಬರೂ ತುದಿಗಾಲಲ್ಲಿ ದಾಟಿದರು. ಹಗ್ಗದ ಅಂಗಡಿಗಳ ಬೀದಿಯಲ್ಲಿ ಒಬ್ಬ ಮುದುಕ ಹಾಯಿಬಟ್ಟೆಗೆ ತೇಪೆ ಹಾಕುತ್ತಿದ್ದ. ಟೈಲರಮ್ಮ ಅವನ ಮುಂದೆ ನಿಂತವಳು ಇಪ್ಪತ್ತು ನಿಮಿಷ ಕದಲಲಿಲ್ಲ.

“ಜೋಡಿ ಹೊಲಿಗೆ ಹಾಕ್ತಾರೆ ನೋಡಿ, ಎರಡನೇ ಸಲ ಅಂಚು ಮಡಿಸಿ,” ಎಂದಳು ಗಂಡನಿಗೆ. ಗಂಡ ನೋಡುತ್ತಿದ್ದದ್ದು ಬೀದಿಯ ಇಳಿಜಾರನ್ನು. “ಇಲ್ಲಿ ಎರಡನೇ ಗೇರಲ್ಲೇ ಇಳೀಬೇಕು. ಬ್ರೇಕು ನಂಬಿದ್ರೆ ನೇರ ಸಮುದ್ರಕ್ಕೇ,” ಎಂದ.

ಒಂದು ಗಂಟೆಗೆ ಟ್ರಾಮು ಹತ್ತಿದರು. ಹಡಗುಕಟ್ಟೆಯಿಂದ ಹೊರಟು, ಹಳೆ ಕೋಟೆಯ ಬಾಗಿಲಲ್ಲಿ ನುಸುಳಿ, ಗುಡ್ಡ ಸುತ್ತಿ, ಬಂದರಿನ ಆಚೆ ತುದಿಯ ದೀಪಸ್ತಂಭದವರೆಗೆ ಹೋಗುವ ಟ್ರಾಮು ಅದು. ಹೋಗಿ ಅದರಲ್ಲೇ ತಿರುಗಿ ಬಂದರೆ ಊರೆಲ್ಲ ನೋಡಿದಂತಾಗುತ್ತದೆ ಎಂದು ಲೆಕ್ಕ ಹಾಕಿದ್ದರು.

ಕೋಟೆಯ ಬಾಗಿಲ ಹತ್ತಿರ ಟ್ರಾಮು ನಿಂತಿತು. ಕಮಾನು ಎಷ್ಟು ಕಿರಿದೆಂದರೆ ಟ್ರಾಮಿಗೂ ಕಲ್ಲಿಗೂ ನಡುವೆ ಒಂದು ಗೇಣೂ ಇದ್ದಂತೆ ಕಾಣಲಿಲ್ಲ. ಡ್ರೈವರಣ್ಣನಿಗೆ ತಡೆಯಲಾಗಲಿಲ್ಲ.

“ಒಂದೇ ನಿಮಿಷ, ಎಷ್ಟು ಜಾಗ ಇದೆ ನೋಡಿ ಬರ್ತೀನಿ,” ಎಂದು ಇಳಿದೇಬಿಟ್ಟ.

“ರೀ, ಬೇಡ ರೀ!” ಎಂದು ಅವಳು ಹೇಳಿ ಮುಗಿಸುವಷ್ಟರಲ್ಲಿ ಬಾಗಿಲು ಮುಚ್ಚಿತು, ಗಂಟೆ ಹೊಡೆಯಿತು. ಕಿಟಕಿಯಾಚೆ ಅವನು ಕಲ್ಲಿನ ಮೇಲೆ ಅಂಗೈ ಇಟ್ಟು ಗೇಣು ಹಾಕುತ್ತಿದ್ದ. ತಲೆ ಎತ್ತಿದ. ಟ್ರಾಮು ಅವನ ಮೂಗಿನ ಮುಂದೆಯೇ ಹೊರಟುಹೋಯಿತು.

ಟೈಲರಮ್ಮ ನೀಲಿ ಚೀಲಕ್ಕೆ ಕೈ ಹಾಕಿದಳು. ಫೋನಿಲ್ಲ. ಪಕ್ಕದಲ್ಲಿದ್ದವರ ಫೋನು ಕೇಳೋಣವೆಂದರೆ ಗಂಡನ ನಂಬರು ಬಾಯಿಗೆ ಬರದು, ಮಗಳದೂ ಅಷ್ಟೆ. ಅವಳಿಗೆ ಬಾಯಿಪಾಠವಿದ್ದದ್ದು ಅವನು ಓಡಿಸುತ್ತಿದ್ದ ಬಸ್ಸಿನ ನಂಬರು ಮಾತ್ರ. ಅದರಿಂದ ಈಗೇನು ಬಂತು? ಮುಂದಿನ ನಿಲ್ದಾಣದಲ್ಲಿ ಇಳಿಯಲೆಂದು ಎದ್ದು ನಿಂತಳು. ಆಮೇಲೆ ಯೋಚಿಸಿದಳು. ಗಂಡನ ಬಸ್ಸಿನಲ್ಲಿ ಜನ ಕೊಡೆ ಬಿಟ್ಟಿದ್ದರು, ಚೀಲ ಬಿಟ್ಟಿದ್ದರು, ಒಮ್ಮೆ ಒಬ್ಬರು ಅಜ್ಜಿಯನ್ನೇ ಬಿಟ್ಟು ಇಳಿದಿದ್ದರು. ಎಲ್ಲವೂ ಕೊನೆಗೆ ಸಿಕ್ಕಿದ್ದು ಡಿಪೋದಲ್ಲಿ. ಇವರೂ ಟ್ರಾಮಿನ ಕೊನೆಯ ನಿಲ್ದಾಣಕ್ಕೇ ಬರುತ್ತಾರೆ ಎಂದುಕೊಂಡು ಮತ್ತೆ ಕುಳಿತಳು.

ಡ್ರೈವರಣ್ಣ ಯೋಚಿಸಿದ್ದು ಬೇರೆ. ಇವಳು ಗಾಬರಿ ಬಿದ್ದು ಮುಂದಿನ ನಿಲ್ದಾಣದಲ್ಲೇ ಇಳಿದಿರುತ್ತಾಳೆ ಎಂದು ಓಡಿದ. ಅರವತ್ತೈದರ ವಯಸ್ಸಿನಲ್ಲಿ ಗುಡ್ಡ ಹತ್ತಿ ಓಡುವುದೆಂದರೆ ಹುಡುಗಾಟವಲ್ಲ. ಆ ನಿಲ್ದಾಣದಲ್ಲಿ ಅವಳಿಲ್ಲ. ಅದರ ಮುಂದಿನದರಲ್ಲೂ ಇಲ್ಲ. ಬ್ರೆಡ್ಡಿನ ಅಂಗಡಿಯವಳನ್ನು ಕೇಳಿದ, ಬಾಗಿಲಿಗೆ ಬಣ್ಣ ಹೊಡೆಯುತ್ತಿದ್ದವನನ್ನು ಕೇಳಿದ. ಇಷ್ಟೆತ್ತರ, ಕೈಯಲ್ಲಿ ನೀಲಿ ಚೀಲ, ನೋಡಿದಿರಾ? ಯಾರೂ ನೋಡಿರಲಿಲ್ಲ. ಮೂರನೆಯ ನಿಲ್ದಾಣದ ಬೆಂಚಿನ ಮೇಲೆ ಕುಸಿದು ಕುಳಿತ. ಎಷ್ಟು ಸಾವಿರ ಜನರನ್ನು ಅವರವರ ಊರು ಮುಟ್ಟಿಸಿದವನು, ಒಬ್ಬ ಹೆಂಡತಿಯನ್ನು ಕಳೆದುಕೊಂಡು ಕುಳಿತಿದ್ದ.

ಅಷ್ಟರಲ್ಲಿ ಟೈಲರಮ್ಮನ ಟ್ರಾಮು ದೀಪಸ್ತಂಭ ತಲುಪಿತ್ತು. ಎಲ್ಲರೂ ಇಳಿದರೂ ಅವಳೊಬ್ಬಳು ಇಳಿಯದಿರುವುದನ್ನು ನೋಡಿ, ಟ್ರಾಮು ಓಡಿಸುತ್ತಿದ್ದ ಹೆಂಗಸು ಹತ್ತಿರ ಬಂದಳು. ನಲವತ್ತರ ಆಸುಪಾಸು, ತೋಳು ಮಡಿಸಿದ ಕೋಟು.

“ಯಾಕಮ್ಮಾ, ಇಳಿಯಲ್ವಾ?”

“ನಮ್ಮನೆಯವರು ಕೋಟೆ ಹತ್ರ ಉಳ್ಕೊಂಡ್ರು ಕಣಮ್ಮ. ಗೋಡೆ ಅಳೆಯೋಕೆ ಇಳಿದ್ರು.”

ಆ ಹೆಂಗಸು ನಕ್ಕಳು. ಆದರೆ ಟೈಲರಮ್ಮ ಚೀಲವನ್ನು ಎದೆಗೆ ಅವುಚಿಕೊಂಡದ್ದನ್ನು ಕಂಡು ತಕ್ಷಣ ನಗು ನಿಲ್ಲಿಸಿದಳು. ಕೈಹಿಡಿದು ಇಳಿಸಿ, ಚಾಲಕರು ದಣಿವಾರಿಸಿಕೊಳ್ಳುವ ಕೋಣೆಗೆ ಕರೆದೊಯ್ದಳು. ಅಲ್ಲೊಂದು ಉದ್ದನೆಯ ಮೇಜು, ಸದಾ ಕುದಿಯುತ್ತಿರುವ ಕೆಟಲು, ಗೂಟಕ್ಕೆ ತೂಗುಹಾಕಿದ ಕೋಟುಗಳು, ಗೋಡೆಯ ಮೇಲೆ ಪಾಳಿಯ ಪಟ್ಟಿ. ಅವಳು ವೈರ್‌ಲೆಸ್ ಕೈಗೆತ್ತಿಕೊಂಡು ಕೇಳಿದಳು: “ನೋಡೋಕೆ ಹೇಗಿದ್ದಾರೆ?”

“ಬೂದು ಸ್ವೆಟರು. ಎಡ ಮೊಣಕೈಗೆ ತೇಪೆ, ನಾನೇ ಹಾಕಿದ್ದು. ಮುಂದಲೆ ಬೋಳು.” ಸ್ವಲ್ಪ ತಡೆದು ಸೇರಿಸಿದಳು: “ಟ್ರಾಮು ಹತ್ತಿದ್ರೆ, ಓಡಿಸೋರಿಗೆ ಬುದ್ಧಿ ಹೇಳ್ತಾ ಇರ್ತಾರೆ.”

ಅದನ್ನೇ ಹಾಗೆಯೇ ಎಲ್ಲ ಟ್ರಾಮುಗಳಿಗೂ ಹೇಳಿದ್ದಾಯಿತು. ಉತ್ತರ ಬರಲಿಲ್ಲ.

ಸುಮ್ಮನೆ ಕುಳಿತರೆ ಟೈಲರಮ್ಮನಿಗೆ ಕೆಟ್ಟ ಕೆಟ್ಟ ಯೋಚನೆಗಳೇ ಬರುತ್ತಿದ್ದವು. ಆಗ ಆ ಹೆಂಗಸಿನ ಕೋಟಿನ ಮೂರನೆಯ ಗುಂಡಿ ಒಂದೆಳೆ ದಾರದಲ್ಲಿ ನೇತಾಡುತ್ತಿರುವುದು ಕಣ್ಣಿಗೆ ಬಿತ್ತು. ಚೀಲದಿಂದ ಸೂಜಿದಾರದ ಡಬ್ಬಿ ತೆಗೆದಳು.

“ಇಲ್ಲಿ ಕೊಡು ಅದನ್ನ. ನೋಡೋಕಾಗ್ತಿಲ್ಲ.”

ಗುಂಡಿ ಗಟ್ಟಿಯಾಗಿ ಕೂತದ್ದನ್ನು ನೋಡಿ, ಮೂಲೆಯಲ್ಲಿ ಟೀ ಕುಡಿಯುತ್ತಿದ್ದ ದಪ್ಪ ಮೀಸೆಯ ಚಾಲಕ ಸಂಕೋಚದಿಂದ ತನ್ನ ಕೋಟಿನ ಜೇಬು ತೋರಿಸಿದ. ಹರಿದು ಬಾಯಿ ಬಿಟ್ಟಿತ್ತು. ಇನ್ನೊಬ್ಬ ಒಳಗಿನ ಅಸ್ತರು ಕಿತ್ತುಹೋದ ಕೋಟು ತಂದ. ಮತ್ತೊಬ್ಬನದು ಕಾಲರು. ಟೈಲರಮ್ಮ ಒಬ್ಬೊಬ್ಬರಿಗೂ ಬೈದಳು. “ಇಷ್ಟು ಜನ ಗಂಡಸ್ರು ಇದ್ದೀರಿ, ಒಬ್ಬರಿಗೂ ಸೂಜಿ ಹಿಡಿಯೋಕೆ ಬರಲ್ವಾ?” ಅವರು ಶಾಲೆಯ ಮಕ್ಕಳ ಹಾಗೆ ಸಾಲಾಗಿ ನಿಂತು ಬೈಸಿಕೊಂಡರು, ಅವಳ ಮುಂದಿನ ಲೋಟಕ್ಕೆ ಮತ್ತೆ ಟೀ ಸುರಿದರು.

ಎರಡೂಕಾಲಿಗೆ ವೈರ್‌ಲೆಸ್ ಗೊರಗೊರ ಎಂದಿತು. “ಸಿಕ್ಕಿದ್ರು, ಸಿಕ್ಕಿದ್ರು,” ಎಂದಿತು ಒಂದು ಗಂಡುದನಿ. “ಬೂದು ಸ್ವೆಟರು. ನನ್ನ ಬೆನ್ನ ಹಿಂದೇನೇ ನಿಂತಿದ್ದಾರೆ. ತಿರುವಲ್ಲಿ ತಡವಾಗಿ ಬ್ರೇಕ್ ಹಾಕ್ತೀನಂತೆ ನಾನು.”

ಕೋಣೆಯಲ್ಲಿ ನಗೆಯೋ ನಗೆ. ಟೈಲರಮ್ಮನೂ ನಕ್ಕಳು, ನಗುನಗುತ್ತಲೇ ಸೂಜಿ ಹಿಡಿದ ಕೈಯ ಹಿಂಬದಿಯಿಂದ ಕಣ್ಣೊರೆಸಿಕೊಂಡಳು.

ಡ್ರೈವರಣ್ಣ ಬಾಗಿಲಲ್ಲಿ ಬಂದು ನಿಂತಾಗ ಬೆವರಿನಿಂದ ತೊಯ್ದುಹೋಗಿದ್ದ. ದಾರಿಯುದ್ದಕ್ಕೂ ಏನೇನೋ ಮಾತು ಜೋಡಿಸಿಕೊಂಡು ಬಂದಿದ್ದ. ನಾಲ್ಕು ಕೋಟುಗಳ ನಡುವೆ, ಬಾಯಲ್ಲಿ ದಾರ ಕಚ್ಚಿಕೊಂಡು ಕುಳಿತ ಹೆಂಡತಿಯನ್ನು ಕಂಡು ಅದೆಲ್ಲ ಮರೆತ.

“ಇಲ್ಲಿದ್ದೀಯಾ?” ಎಂದಷ್ಟೇ ಕೇಳಿದ.

“ಇನ್ನೆಲ್ಲಿರ್ಲಿ? ಕೂತ್ಕೊಳ್ಳಿ, ಇದೊಂದು ಕಾಲರು ಬಾಕಿ ಇದೆ.”

ಅವನು ಅವಳ ಪಕ್ಕದಲ್ಲೇ ಕುಳಿತ. ಕಾಲರು ಮುಗಿಯುವವರೆಗೂ ಅವಳ ಸೆರಗೇ ಎಂಬಂತೆ ಆ ನೀಲಿ ಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದ.

ಆದರೆ ಹೊರಡುವ ಹೊತ್ತಿಗೆ ಇನ್ನೊಂದು ಸುದ್ದಿ ಬಂತು. ಕೋಟೆಯ ಕಮಾನಿನೊಳಗೆ ಒಂದು ಲಾರಿ ಸಿಕ್ಕಿಹಾಕಿಕೊಂಡಿದೆ, ಎರಡು ಗಂಟೆ ಕಾಲ ಟ್ರಾಮು ಇಲ್ಲ. ಗಂಟೆ ಮೂರಾಗಿತ್ತು. ಡ್ರೈವರಣ್ಣ ತನ್ನ ಗೇಣಿನ ಲೆಕ್ಕ ಹೇಳಲು ಬಾಯಿ ತೆರೆದ. ಹೆಂಡತಿಯ ಮುಖ ನೋಡಿ ಮುಚ್ಚಿಕೊಂಡ.

“ನನ್ನ ಪಾಳಿ ಮುಗೀತು, ಬನ್ನಿ,” ಎಂದಳು ಟ್ರಾಮಿನ ಹೆಂಗಸು. “ಕೆಳಗೆ ಮೆಟ್ಟಿಲ ಹತ್ರ ದೋಣಿ ಇದೆ. ಬಂದರು ಅಡ್ಡ ದಾಟಿದ್ರೆ ನಿಮ್ಮ ಹಡಗಿಗೆ ಅರ್ಧ ಗಂಟೆ.”

ನೂರೆಂಟೋ ನೂರ ಇಪ್ಪತ್ತೋ ಮೆಟ್ಟಿಲು. ಕೆಳಗೆ ಪಾಚಿ ಹಿಡಿದ ಕಟ್ಟೆ, ಎಂಟು ಜನ ಕೂರುವಂಥ ಮೋಟಾರು ದೋಣಿ. ಟೈಲರಮ್ಮ ಹತ್ತಿ ಕುಳಿತಳು. ಡ್ರೈವರಣ್ಣ ಕಟ್ಟೆಯ ಮೇಲೆಯೇ ನಿಂತಿದ್ದ.

“ಬನ್ನಿ ರೀ.”

“ಬಂದೆ.” ಬರಲಿಲ್ಲ.

ದೋಣಿಯವನು ಅವಳ ಮುಖ ನೋಡಿದ. ಅವಳು ಗಂಡನ ಮುಖ ನೋಡಿದಳು. ನಲವತ್ತು ವರ್ಷದಲ್ಲಿ ಆ ಮುಖದಲ್ಲಿ ಅವಳು ಸಿಟ್ಟು ಕಂಡಿದ್ದಳು, ನಿದ್ದೆ ಕಂಡಿದ್ದಳು, ಇದನ್ನು ಕಂಡಿರಲಿಲ್ಲ.

“ನಿಮಗೆ ನೀರು ಅಂದ್ರೆ ಭಯನಾ?”

“ಭಯ ಅಂತಲ್ಲ,” ಎಂದ. ಮತ್ತೆ, ಸಣ್ಣ ದನಿಯಲ್ಲಿ, “ಹೂಂ. ಚಿಕ್ಕಂದಿನಿಂದ.”

“ಮತ್ತೆ ಮಗಳು ಕೇಳಿದಾಗ ಯಾಕೆ ಒಪ್ಕೊಂಡ್ರಿ?”

“ನೀನು ಮಿಷಿನ್ ಮುಂದೆ ಗೋಡೆಗೆ ಹಡಗಿನ ಚಿತ್ರ ಅಂಟಿಸ್ಕೊಂಡಿದ್ದೆಯಲ್ಲ, ಹದಿನೈದು ವರ್ಷದಿಂದ. ನಾನು ಹೇಗೆ ಬೇಡ ಅನ್ಲಿ?”

ಟೈಲರಮ್ಮ ಎದ್ದು ಮತ್ತೆ ಕಟ್ಟೆಗೆ ಹತ್ತಿ ಬಂದಳು. “ಹಡಗು ಇನ್ನೊಂದು ಬರತ್ತೆ. ಬೇಡ ಅಂದ್ರೆ ಈಗ್ಲೇ ಹೇಳಿ, ಬೈಯಲ್ಲ. ಸಂಜೆ ರೈಲಿಗೆ ಮನೆಗೆ ಹೋಗೋಣ.”

ಅವಳು ನಿಜವಾಗಿಯೇ ಹೇಳುತ್ತಿದ್ದಳು. ಅದು ಅವನಿಗೂ ತಿಳಿಯಿತು. ಅವನು ಕಟ್ಟೆಯ ಅಂಚಿಗೆ ಒಂದು ಹೆಜ್ಜೆ ಬಂದ.

“ಈವತ್ತು ಮೂರು ನಿಲ್ದಾಣ ನಿನ್ನ ಹುಡುಕ್ಕೊಂಡು ಓಡಿದೆ,” ಎಂದ. “ಅದಕ್ಕಿಂತ ಭಯ ಇನ್ನೇನಿರುತ್ತೆ? ನಡಿ. ಆದ್ರೆ ಕೈ ಬಿಡ್ಬೇಡ.”

ಬೀದಿಯಲ್ಲಿ ಎಂದೂ ಅವಳ ಕೈ ಹಿಡಿದು ನಡೆದವನಲ್ಲ ಅವನು. ದೋಣಿಯಲ್ಲಿ ಅವಳ ಬೆರಳುಗಳು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿದು ಕುಳಿತ. ಮೊದಲು ಕಣ್ಣು ಮುಚ್ಚಿದ್ದ. ಬಂದರಿನ ನಡುವೆ ಒಂದು ಕಣ್ಣು ತೆರೆದ. ಊರು ಗುಡ್ಡದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕುಳಿತಿತ್ತು; ಬಿಸಿಲಿಗೆ ಹಾಕಿದ ಬಟ್ಟೆಗಳು, ಗೋದಾಮುಗಳ ಕೆಂಪು ಗೋಡೆ, ಎಲ್ಲವೂ ಕಾಣುತ್ತಿತ್ತು. ಟ್ರಾಮಿನ ಹೆಂಗಸು ಕಟ್ಟೆಯ ಮೇಲೆ ನಿಂತು ಕೈ ಬೀಸುತ್ತಿದ್ದಳು. “ಚೆನ್ನಾಗಿದೆ ಕಣೇ,” ಎಂದು ಆ ಕಣ್ಣನ್ನೂ ಮುಚ್ಚಿದ.

ನಾಲ್ಕಕ್ಕೆ ಐದು ನಿಮಿಷವಿರುವಾಗ ಹಡಗಿನ ಏಣಿ ಹತ್ತಿದರು, ಎಲ್ಲರಿಗಿಂತ ಕೊನೆಯವರಾಗಿ. ಕೋಣೆ ಚಿಕ್ಕದು, ಎರಡು ಮಂಚ, ನಡುವೆ ಒಂದು ದುಂಡು ಕಿಟಕಿ. ಡ್ರೈವರಣ್ಣ ಮಂಚದ ಅಂಚಿನಲ್ಲಿ ಕುಳಿತು, “ಎರಡು ನಿಮಿಷ ಬೆನ್ನು ಚಾಚ್ತೀನಿ, ಹೊರಡೋವಾಗ ಎಬ್ಬಿಸು,” ಎಂದವನು ಬೂಟಿನಲ್ಲೇ ನಿದ್ದೆಹೋದ. ಟೈಲರಮ್ಮ ಲೇಸು ಬಿಚ್ಚಿ ಬೂಟು ತೆಗೆದಳು, ಹೊದಿಕೆ ಎಳೆದಳು. ಹಡಗು ಉದ್ದಕ್ಕೆ ಕೂಗಿತು. ಅವನು ಮಿಸುಕಲಿಲ್ಲ. ಎಬ್ಬಿಸಲೆಂದು ಭುಜದವರೆಗೆ ಹೋದ ಕೈಯನ್ನು ಅವಳು ಹಿಂತೆಗೆದುಕೊಂಡಳು. ಒಬ್ಬಳೇ ಹಡಗಿನ ಮೇಲಿನ ಡೆಕ್ಕಿಗೆ ಹೋಗಿ, ಕಂಬಿಗೆ ಒರಗಿ, ಊರು ಸಣ್ಣದಾಗುವವರೆಗೂ ನಿಂತಳು. ಗಾಳಿಗೆ ಕೂದಲೆಲ್ಲ ಕೆದರಿತು. ಅವಳು ಸರಿಮಾಡಿಕೊಳ್ಳಲಿಲ್ಲ.

ಕೆಳಗೆ ಬಂದಾಗ ಅವನು ಎದ್ದು ಕಣ್ಣುಜ್ಜುತ್ತಿದ್ದ.

“ಹೊರಟಾಯ್ತಾ?”

“ಹೊರಟು ಒಂದು ಗಂಟೆ ಆಯ್ತು.”

ಅವನು ಬರಿಗಾಲನ್ನು ನಿಧಾನವಾಗಿ ನೆಲಕ್ಕೆ ಊರಿದ. ಒಂದು ಕಾಲು, ಆಮೇಲೆ ಇನ್ನೊಂದು. ಕಿಟಕಿಯ ತುಂಬ ಬರೀ ನೀರು.

“ಅಷ್ಟೇನಾ?” ಎಂದ. ಮತ್ತೆ ಸುತ್ತ ನೋಡಿ, “ಇವಳೇ, ಇಲ್ಲಿ ಊಟ ಎಷ್ಟು ಗಂಟೆಗಂತೆ?” ಎಂದು ಕೇಳಿದ.