ಐದು ಸೆಕೆಂಡಿನ ನಿಧಾನರಾಯರು

ಗಡಿಯಾರ ರಿಪೇರಿಯನ್ನೇ ಜೀವನೋಪಾಯವಾಗಿಸಿಕೊಂಡ ಮನುಷ್ಯ ಎಲ್ಲಿಗೂ ಹೊತ್ತಿಗೆ ಸರಿಯಾಗಿ ಬಂದವನಲ್ಲ ಎಂಬುದೇ ನಮ್ಮ ನಿಧಾನರಾಯರ ಪ್ರಥಮ ಲಕ್ಷಣ. ಬೀದಿಯವರು ಇಟ್ಟ ಆ ಹೆಸರನ್ನು ಅವರು ಬಿರುದಿನಂತೆ ಧರಿಸಿದ್ದರು. ಚಪ್ಪಲಿಯನ್ನು ನೆಲಕ್ಕೆ ಉಜ್ಜುತ್ತ, ಮೊಣಕೈ ಸವೆದ ಬೂದು ಕೋಟಿನ ಜೇಬಿನಲ್ಲಿ ಚಿಮ್ಮಟವನ್ನು ತಡವುತ್ತ ಅವರು ಅಂಗಡಿಯಿಂದ ಮನೆ ತಲುಪುವುದರೊಳಗೆ, ಅವರಿಗಿಂತ ತಡವಾಗಿ ಹೊರಟವರೆಲ್ಲ ಊಟ ಮುಗಿಸಿ ಕೈ ತೊಳೆದಿರುತ್ತಿದ್ದರು. ಅವಸರಪಡಿಸಿದವರಿಗೆ ಒಂದೇ ಉತ್ತರ: "ಇರಲಿ, ನೋಡೋಣ."

ಅವರ ಹೆಂಡತಿ ಇದಕ್ಕೆ ತದ್ವಿರುದ್ಧ. ಹೇಳಿ ಬಾಯಿ ಮುಚ್ಚುವುದರೊಳಗೆ ಕೆಲಸ ಮುಗಿಸುವ ಆಕೆ ಮನೆಯಲ್ಲೇ ಯಂತ್ರದ ಕಸೂತಿ ಮಾಡುತ್ತಿದ್ದರು. ವರ್ಷಗಟ್ಟಲೆ ಕೂತು ರಚಿಸಿದ ಹೂವು, ಬಳ್ಳಿ, ಹಕ್ಕಿಗಳೆಲ್ಲ ಮನೆಯ ಏಕಮಾತ್ರ ಕಂಪ್ಯೂಟರಿನಲ್ಲಿ, ವಿಂಡೋಸ್‌ನಲ್ಲಿ ಮಾತ್ರ ಓಡುವ ಹಳೆಯ ತಂತ್ರಾಂಶವೊಂದರ ಆಶ್ರಯದಲ್ಲಿದ್ದವು. ರಾಯರಿಗೋ, ಗಡಿಯಾರದ ಟಿಕ್‌ಟಿಕ್ಕನ್ನು ಮೈಕಿನಲ್ಲಿ ಆಲಿಸಿ ಅದರ ತಪ್ಪನ್ನು ಗೆರೆಯೆಳೆದು ತೋರಿಸುವ ತಂತ್ರಾಂಶದ ಮೇಲೆ ಮೋಹ. ಅವರಿಗೆ ಸಿಕ್ಕಿದ್ದು ವಿಂಡೋಸ್ ಬದಲು ಲಿನಕ್ಸ್ ಎಂಬ ಬೇರೊಂದು ವ್ಯವಸ್ಥೆಯಲ್ಲಿ ಓಡುವಂಥದು. ಒಂದೇ ಕಂಪ್ಯೂಟರಿನಲ್ಲಿ ಎರಡನ್ನೂ ಕೂರಿಸಬಹುದೆಂದು ಅವರು ವಿವರಿಸಿದಾಗ ಆಕೆ ಹೇಳಿದ್ದಿಷ್ಟೇ: "ನನ್ನ ಒಂದು ಹೂವು ಹೋದ್ರೂ ನಿಮ್ಮ ಜೊತೆ ಮಾತಿಲ್ಲ."

ರಾಯರ ನಿಧಾನದ ಬೆಲೆ ಆಗ ತಿಳಿಯಿತು. ವಿನ್ಯಾಸಗಳನ್ನೆಲ್ಲ ಪೆನ್‌ಡ್ರೈವಿಗೆ ನಕಲು ಮಾಡಿದರೂ ಅವರಿಗೆ ಸಮಾಧಾನವಿಲ್ಲ. ಆ ನಕಲಿನಿಂದಲೇ ಒಂದು ಹೂವನ್ನು ತೆಗೆಸಿ, ಬಟ್ಟೆಯ ಮೇಲೆ ಹೊಲಿಸಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಎಸಳೆಸಳನ್ನೂ ಪರೀಕ್ಷಿಸಿದ ಮೇಲೆಯೇ ಡಿಸ್ಕಿನಲ್ಲಿ ತಮಗೊಂದು ಮೂಲೆ ಬಿಡಿಸಿಕೊಂಡರು.

ಅಷ್ಟಾದರೂ, ಲಿನಕ್ಸ್ ಬಂದು ಕೂತ ಮೇಲೆ, ಎರಡರಲ್ಲಿ ಯಾವುದು ಬೇಕೆಂದು ಕೇಳಬೇಕಾದ ಶುರುವಿನ ಪರದೆಯಲ್ಲಿ ಅದರ ಹೆಸರೊಂದೇ ಕಂಡಿತು; ವಿಂಡೋಸ್‌ನ ಸುಳಿವಿಲ್ಲ. ಆಕೆಯ ಮುಖ ಕಪ್ಪಿಟ್ಟಿತು. ರಾಯರ ಬಾಯಿಂದ ಬಂದದ್ದು ಮಾತ್ರ ಅದೇ "ಇರಲಿ, ನೋಡೋಣ." ಒಳಗೆ ಎಲ್ಲವೂ ಇದ್ದಲ್ಲೇ ಇದೆ, ಪರದೆಗೆ ಹೆಸರು ಸೇರಿಲ್ಲ ಅಷ್ಟೆ ಎಂದು ಪತ್ತೆಹಚ್ಚಿ ಸೇರಿಸುವ ಹೊತ್ತಿಗೆ ಅವರ ಕಾಫಿ ಆರಿ ತಣ್ಣಗಾಗಿತ್ತು. ಆಕೆ ಒಂದೊಂದೇ ಹೂವನ್ನು ತೆರೆದು ನೋಡಿ, ಕೊನೆಯ ಹಕ್ಕಿಯೂ ಕಂಡ ಮೇಲೆ ಎದ್ದುಹೋಗಿ ಕಾಫಿ ಬಿಸಿ ಮಾಡಿ ತಂದರು.

ಯಾರೂ ಏನನ್ನೂ ಆರಿಸದಿದ್ದರೆ ಐದು ಸೆಕೆಂಡಿಗೆ ವಿಂಡೋಸ್ ತಾನಾಗಿ ತೆರೆಯುವಂತೆ ರಾಯರು ಇಟ್ಟರು. ಹೆಂಡತಿಗೆ ಕಾಯುವ ಅಭ್ಯಾಸವಿಲ್ಲವಲ್ಲ. ತಮ್ಮ ನಡಿಗೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯಲಿಲ್ಲ. ಗುಂಡಿ ಒತ್ತಿ, ಗೂಟಕ್ಕೆ ತೂಗುಹಾಕಿದ ಕೋಟಿನ ಜೇಬಿನಿಂದ ಪರೀಕ್ಷಿಸಬೇಕಾದ ಗಡಿಯಾರವನ್ನು ತರುವುದರೊಳಗೆ ವಿಂಡೋಸ್ ಬಂದು ಕೂತಿರುತ್ತಿತ್ತು. ಮತ್ತೆ ಮುಚ್ಚಬೇಕು, ಮತ್ತೆ ಶುರುಮಾಡಬೇಕು. ನಿಮ್ಮದನ್ನೇ ಮೊದಲಿಟ್ಟುಕೊಳ್ಳಬಾರದೇ ಎಂದು ಆಕೆ ಗದರಿದರೆ, "ನಿಂದು ತಾನಾಗಿ ಬರ್ಲಿ. ನಂದನ್ನ ನಾನು ಬಂದು ಆರಿಸ್ಕೋತೀನಿ" ಎನ್ನುತ್ತಿದ್ದರು.

ಒಂದು ದಿನ ನಾನು ಅವರ ಮನೆಯಲ್ಲಿದ್ದೆ. ರಾಯರು ಗುಂಡಿ ಒತ್ತಿ ಎಂದಿನಂತೆ ಗೂಟದ ಕಡೆ ಹೊರಟರು. ದಾರ ಪೋಣಿಸುತ್ತಿದ್ದ ಆಕೆ ತಲೆಯೆತ್ತದೆ ಕೈ ಚಾಚಿ, ಬಾಣದ ಕೀ ಒತ್ತಿ, ಮತ್ತೆ ಸೂಜಿಗೆ ಮರಳಿದರು. ರಾಯರು ಬಂದಾಗ ಐದು ಸೆಕೆಂಡಿನ ಎಣಿಕೆ ನಿಂತು, ಪರದೆ ಲಿನಕ್ಸ್‌ನ ಹೆಸರಿನ ಮೇಲೆ ಕಾಯುತ್ತಿತ್ತು.

"ಇವತ್ತು ಬೇಗ ಬಂದ್ಬಿಟ್ಟೆ ನೋಡು" ಎಂದು ಬೀಗಿದರು.

"ಹೂಂ" ಎಂದರು ಆಕೆ.

ಇಂಥವರನ್ನು ಲೋಕ ಮಂದಗತಿಯವರೆಂದು ಆಡಿಕೊಂಡು ನಗುತ್ತದೆ. ತಮಗೊಂದು ಮೂಲೆ ಮಾಡಿಕೊಳ್ಳುವ ಮುನ್ನ ಇನ್ನೊಬ್ಬರದು ಕದಲದಂತೆ ನೋಡಿಕೊಳ್ಳುವುದಕ್ಕೆ ಹೊತ್ತು ಹಿಡಿಯುತ್ತದೆ. ಆ ಹೊತ್ತನ್ನು ಧಾರಾಳವಾಗಿ ಕೊಡುವವರು ಎಲ್ಲಿಗೂ ತಡವಾಗಿಯೇ ಬರುತ್ತಾರೆ. ಬಂದಾಗ ಅವರಿಗಾಗಿ ಯಾರೋ ಗಡಿಯಾರವನ್ನೇ ನಿಲ್ಲಿಸಿರುತ್ತಾರೆ.