ಬಿಚ್ಚಪ್ಪನ ಕೇಸು

ಮಣ್ಣು ಮಾಡಿ ಬಂದ ಮೇಲೆ ಮನೆ ತುಂಬ ಜನ ಇದ್ದರು. ಅವರೆಲ್ಲ ಹೊರಟುಹೋದ ಮಾರನೆಯ ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂತು. ಬಕೆಟ್ಟು ಹಿಡಿದೆ. ತುಂಬಿದ ಮೇಲೆ ಇನ್ನೊಂದು ಹಿಡಿದೆ. ಕಟ್ಟೆಯ ಮೇಲಿದ್ದ ನನ್ನ ಗಂಡನ ಫೋನು ಗುರುಗುಟ್ಟಿತು. ಯಾರೋ ರೋಗಿ.

"ಡಾಕ್ಟರು ಇದಾರಾ?"

"ಇಲ್ಲ."

"ಯಾವಾಗ ಬರ್ತಾರೆ?"

"ಬರಲ್ಲ."

"ರಜಾನಾ?"

ಹೌದು ಎಂದೆ. ಬೇರೆಯವರ ಹತ್ತಿರ ತೋರಿಸಿಕೊಳ್ಳಿ ಎಂದೆ. ರೋಗ ಬಂದಾಗಲೇ ಇವರಿಗೆ ರಜಾ ನೆನಪಾಗುತ್ತೆ ಎಂದು ಗೊಣಗಿ ಆತ ಫೋನಿಟ್ಟ.

ಅತ್ತೆ ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದರು. ನನ್ನ ಗಂಡನ ಅಣ್ಣ, ಬಸ್ ಡಿಪೋದ ಮೆಕ್ಯಾನಿಕ್, ತಮ್ಮ ಚೀಲ ಕಟ್ಟಿ ಬಾಗಿಲ ಬಳಿ ಇಟ್ಟು ಅಡುಗೆಮನೆಗೆ ಬಂದರು. ಭಾವನದು ಮಾತು ಕಮ್ಮಿ. ಚಹಾದ ಲೋಟ ಹಿಡಿದು ಕುಡಿಯದೆ ನಿಂತಿದ್ದರು.

"ಅವನು ಸಿಗರೇಟು ಸೇದ್ತಿದ್ನಾ?"

ಇಲ್ಲ ಎಂದೆ.

"ಸೇದ್ತಿದ್ರೆ ಹೇಳು. ಈಗ ಬೈಯೋಕಾಗುತ್ತಾ."

"ಇಲ್ಲ ಭಾವ. ಯಾಕೆ?"

ಅವರು ಒಳಕೋಣೆಯ ಕಡೆ ನೋಡಿ ದನಿ ತಗ್ಗಿಸಿದರು. ಮೈ ತೊಳೆದವರು ಅವರೇ. ತಮ್ಮನ ಮೈ ಬೇರೆ ಯಾರೂ ಮುಟ್ಟುವುದು ಬೇಡ ಎಂದು ಹಟ ಹಿಡಿದಿದ್ದರು. ತೊಳೆಯುವಾಗ ಹಿಂದೆ, ಕೂತರೆ ಮುಚ್ಚಿಹೋಗುವ ಜಾಗದಲ್ಲಿ, ಒಂದು ಕಲೆ ಕಂಡಿತಂತೆ. ಸಿಗರೇಟು ಒತ್ತಿ ಆರಿಸಿದ ಹಾಗೆ ದುಂಡಗೆ. ನಡುವೆ ಕರಿ ಹಕ್ಕಳೆ, ಸುತ್ತ ಕೆಂಪು.

"ಆಸ್ಪತ್ರೇಲಿ ಏನಾದ್ರೂ ಸುಟ್ಟರಾ ಅಂತ. ಅಮ್ಮನ ಕಿವಿಗೆ ಬೀಳೋದು ಬೇಡ, ನಿನ್ನೊಬ್ಬಳನ್ನೇ ಕೇಳ್ತಿದೀನಿ."

ಒಲೆ ಆರಿಸಿದೆ. ಯಾರೂ ಸುಟ್ಟಿಲ್ಲ, ಅದೊಂದು ಹುಳು ಕಡಿದದ್ದು ಎಂದೆ.

ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತೇನೆ. ಪ್ರತಿ ವರ್ಷ ಆ ಹುಳುವಿನ ಚಿತ್ರ ಬೋರ್ಡಿನ ಮೇಲೆ ಬರೆಯುತ್ತೇನೆ. ಪೊದೆ, ಹುಲ್ಲುಗಳಲ್ಲಿ ಇರುವ ಒಂದು ಜಾತಿಯ ನುಸಿ. ಬೆಳೆದದ್ದಕ್ಕೆ ಎಂಟು ಕಾಲು, ಮರಿಗೆ ಆರು. ಕಡಿಯುವುದು ಮರಿ. ಸೂಜಿಮೊನೆಯಷ್ಟಿರುತ್ತದೆ, ಕಡಿದರೆ ನೋವಿಲ್ಲ. ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ.

ಅದರಾಚೆಗಿನದನ್ನು ಊಟದ ಹೊತ್ತಿನಲ್ಲಿ ನನ್ನ ಗಂಡ ಹೇಳುತ್ತಿದ್ದರು. ಕಡಿದಲ್ಲಿ ಕರಿ ಹಕ್ಕಳೆ, ಆಮೇಲೆ ಜ್ವರ, ತಲೆನೋವು. ಹಾಗೇ ಬಿಟ್ಟರೆ ಲಿವರು, ಶ್ವಾಸಕೋಶ, ಮಿದುಳು. ಹೆಸರು ಸ್ಕ್ರಬ್ ಟೈಫಸ್. ಮದ್ದು ಹಳೇ ಕಾಲದ ಒಂದು ಅಗ್ಗದ ಮಾತ್ರೆ, ಯಾವ ಸರ್ಕಾರಿ ಆಸ್ಪತ್ರೆಯ ಕಪಾಟಿನಲ್ಲೂ ಇರುತ್ತದೆ. ಬೇಗ ಕೊಟ್ಟರೆ ರೋಗಿ ಒಂದೆರಡು ದಿನದಲ್ಲಿ ಎದ್ದು ಕೂತು ಊಟ ಕೇಳುತ್ತಾನೆ. ಆದರೆ ಆ ಹಕ್ಕಳೆ ಹುಡುಕಬೇಕು. ಕಂಕುಳು, ತೊಡೆಸಂದಿ, ಬೆನ್ನು, ಎಲ್ಲಿ ಬೇಕಾದರೂ ಇರಬಹುದು. ರೋಗಿಗೇ ಗೊತ್ತಿರುವುದಿಲ್ಲ. ಅದಕ್ಕೇ ಅವರು ವಾರ್ಡಿಗೆ ಕಾಲಿಟ್ಟರೆ ಮೊದಲ ಮಾತು "ಬಟ್ಟೆ ಬಿಚ್ಚಪ್ಪ". ವಿದ್ಯಾರ್ಥಿಗಳು ಬೆನ್ನ ಹಿಂದೆ ಬಿಚ್ಚಪ್ಪ ಸರ್ ಎನ್ನುತ್ತಿದ್ದರು. ಗೊತ್ತಾದಾಗ ಅವರಿಗೆ ಖುಷಿಯೇ ಆಗಿತ್ತು. ನಮ್ಮಪ್ಪ ಇಟ್ಟ ಹೆಸರಿಗಿಂತ ಇದೇ ವಾಸಿ ಎಂದಿದ್ದರು.

ಬಿಚ್ಚಪ್ಪನ ಬಟ್ಟೆ ಯಾರೂ ಬಿಚ್ಚಿಸಲಿಲ್ಲ.

ಜ್ವರ ಬಂದಾಗ ಅವರು ಎಲ್ಲ ಡಾಕ್ಟರುಗಳ ಹಾಗೆ ಡ್ರಾಯರಿನಲ್ಲಿದ್ದ ಯಾವುದೋ ಮಾತ್ರೆ ನುಂಗಿ ಡ್ಯೂಟಿಗೆ ಹೋದರು. ನಿಲ್ಲಲಾರದೆ ಹೋದಾಗ ಅವರದೇ ಆಸ್ಪತ್ರೆಯಲ್ಲಿ ಸ್ಪೆಷಲ್ ರೂಮು ಸಿಕ್ಕಿತು. ಮೂರು ವಿಭಾಗದ ಮುಖ್ಯಸ್ಥರು ಬಂದರು. ಮೂವರೂ ಅಂಗಿಯ ಮೇಲಿನಿಂದಲೇ ಸ್ಟೆತಾಸ್ಕೋಪು ಇಟ್ಟರು. ಏನಯ್ಯಾ, ನೀನೇ ಹೇಳಿಬಿಡು ಏನು ಅಂತ, ನಮಗೆ ಕೆಲಸ ಕಮ್ಮಿ ಎಂದು ನಕ್ಕರು. ಇವರೂ ನಕ್ಕರು. ಪ್ಲೇಟ್‌ಲೆಟ್ ಇಳಿದಿತ್ತು, ಡೆಂಗ್ಯೂ ಎಂದರು. ಅಲ್ಲ ಎಂದು ರಿಪೋರ್ಟು ಬಂತು, ಮತ್ತೆ ಕಳಿಸಿದರು. ಸ್ಕ್ಯಾನು ಮಾಡಿಸಿದರು. ಇದ್ದುದರಲ್ಲೇ ದುಬಾರಿ ಆಂಟಿಬಯಾಟಿಕ್ ಹಾಕಿದರು. ಅದು ಈ ರೋಗದ ಹತ್ತಿರವೂ ಸುಳಿಯುವುದಿಲ್ಲ. ಅಷ್ಟರಲ್ಲಿ ಇವರ ಮಾತು ತೊದಲತೊಡಗಿತ್ತು. ಐಸಿಯುಗೆ ಒಯ್ದರು. ಉಸಿರಿನ ಯಂತ್ರ ಹಾಕಿದರು. ಆಮೇಲೆ ತೆಗೆದರು.

ಭಾವನಿಗೆ ಇದೆಲ್ಲ ಹೇಳಲಿಲ್ಲ.

"ಒಂದು ಹುಳುವಾ," ಎಂದರು ಅವರು. ಲೋಟ ತೊಳೆದು ಬೋರಲು ಹಾಕಿದರು. ಬಸ್ಸಿಗೆ ಹೊತ್ತಾಯಿತೆಂದು ಚೀಲ ಎತ್ತಿಕೊಂಡರು.

ನಾನು ಅವತ್ತು ಕಾಲೇಜಿಗೆ ಹೋಗಬೇಕಿತ್ತು. ಆಸ್ಪತ್ರೆಗೆ ಹೋದೆ.

ಅಲ್ಲಿ ಪ್ರತಿ ಗುರುವಾರ ಸಾವಿನ ಮೀಟಿಂಗು ನಡೆಯುತ್ತದೆ. ಆ ವಾರ ತೀರಿಕೊಂಡವರ ಕೇಸನ್ನು ಕಿರಿಯ ಡಾಕ್ಟರೊಬ್ಬರು ಎದ್ದು ನಿಂತು ಓದುತ್ತಾರೆ. ಹೆಸರು ಹೇಳುವುದಿಲ್ಲ. ಎಲ್ಲಿ ತಪ್ಪಿತು ಎಂದು ಉಳಿದವರು ಪ್ರಶ್ನೆ ಕೇಳುತ್ತಾರೆ. ಅಲ್ಲಿ ಬೈಸಿಕೊಂಡವನು ಮುಂದಿನ ರೋಗಿಯನ್ನು ಕೊಲ್ಲುವುದಿಲ್ಲ ಎನ್ನುತ್ತಿದ್ದರು ನನ್ನ ಗಂಡ. ನನಗೆ ಬೇಕಾಗಿದ್ದದ್ದು ಒಂದೇ. ಅವರ ಕೇಸನ್ನೂ ಅಲ್ಲಿ ಓದಬೇಕು, ರೋಗದ ಹೆಸರು ಹೇಳಬೇಕು, ಯಾಕೆ ಸಿಗಲಿಲ್ಲ ಎಂದು ಯಾರಾದರೂ ಕೇಳಬೇಕು.

ಮುಖ್ಯ ವೈದ್ಯರನ್ನು ಅಲ್ಲಿ ಎಲ್ಲರೂ ದೊಡ್ಡವರು ಎನ್ನುತ್ತಾರೆ. ನನ್ನ ಗಂಡನಿಗೆ ಪಾಠ ಹೇಳಿದವರು. ನನ್ನನ್ನು ಕಂಡು ಎದ್ದು ನಿಂತರು, ಕೂರಿಸಿದರು, ಚಹಾ ತರಿಸಿದರು. ಭಾವ ಕಂಡದ್ದನ್ನು ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ಕರಿ ಹಕ್ಕಳೆ ಎಂದಾಗಲೇ ಅವರಿಗೆ ತಿಳಿದುಹೋಯಿತು, ಮುಖದಲ್ಲಿ ಕಂಡಿತು. ಕಣ್ಣು ತೆರೆದಾಗ ಬೇರೆ ಮುಖ ಇತ್ತು. ಫೋಟೋ ಇದೆಯಾ ಎಂದು ಕೇಳಿದರು. ಇಲ್ಲ. ಈಗ ನೋಡೋಣವೆಂದರೆ ಮೈ ಮಣ್ಣಿನಡಿ ಇದೆ. ನಿನ್ನ ಭಾವ ಮೆಕ್ಯಾನಿಕ್ ಅಲ್ವೇನಮ್ಮ ಎಂದರು, ಮೆತ್ತಗೆ.

ರಕ್ತ ಇರುತ್ತದಲ್ಲ ಎಂದೆ.

ಲ್ಯಾಬಿನವರು ಉಳಿದ ರಕ್ತವನ್ನು ಕೆಲವು ದಿನ ಎತ್ತಿಡುತ್ತಾರೆ. ಲ್ಯಾಬಿನ ಡಾಕ್ಟರು ನನ್ನ ಗಂಡನ ಸಹಪಾಠಿ, ಬೋಳುತಲೆಯ ಮನುಷ್ಯ, ನಮ್ಮ ಮದುವೆಯಲ್ಲಿ ಕುಣಿದವರು. ಯಾರನ್ನೂ ಕೇಳದೆ ಫ್ರಿಜ್ಜು ತೆಗೆದರು. ನನ್ನ ಗಂಡನ ರಕ್ತ ಮತ್ತು ಆ ಪರೀಕ್ಷೆಯ ಕಿಟ್ಟು ಒಂದೇ ಹಲಗೆಯ ಮೇಲೆ, ಅಕ್ಕಪಕ್ಕ ಇದ್ದವು. ಪರೀಕ್ಷೆಗೆ ಬರೆದುಕೊಟ್ಟಿದ್ದರೆ ಅವತ್ತೇ ಮಾಡುತ್ತಿದ್ದೆ ಎಂದರು. ಯಾರೂ ಬರೆದಿರಲಿಲ್ಲ. ಚಿಕ್ಕ ಪಟ್ಟಿಯ ಮೇಲೆ ಒಂದು ಗೆರೆ ಮೂಡಿತು. ನಾವಿಬ್ಬರೂ ನೋಡುತ್ತಿದ್ದಂತೆ ಎರಡನೆಯದೂ ಮೂಡಿತು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಪಟ್ಟಿಯನ್ನು ದೊಡ್ಡವರ ಮುಂದೆ ಇಟ್ಟೆ. ಅವರು ಮುಟ್ಟಲಿಲ್ಲ.

"ಹಾಗಾದ್ರೆ ಮೀಟಿಂಗ್ ಅಂತೂ ಬೇಡವೇ ಬೇಡ," ಎಂದರು. "ಅದೇ ರೋಗ ಹುಡುಕಿ ಹೆಸರು ಮಾಡಿದವನು ಅದೇ ರೋಗದಲ್ಲಿ ಹೋದ ಅಂದ್ರೆ ಆಡಿಕೊಳ್ಳಲ್ವಾ ಜನ? ಅವನ ಮರ್ಯಾದೆ ನೋಡಬೇಕಲ್ಲಮ್ಮ ನಾವು."

"ಮರ್ಯಾದೆ ನೋಡಿಯೇ ಅಲ್ವಾ ಸರ್ ಅವರು ಹೋಗಿದ್ದು. ಮೈ ನೋಡಿದ್ರೆ ಇರ್ತಿದ್ರು."

ಅವರು ಚಹಾದ ಮೇಲೆ ಕಟ್ಟಿದ್ದ ಕೆನೆಯನ್ನು ಚಮಚದಿಂದ ಪಕ್ಕಕ್ಕೆ ಸರಿಸಿದರು. ಈ ಗುರುವಾರ ಸಾವಿನ ಮೀಟಿಂಗು ಇಲ್ಲ, ಅದೇ ಸಭಾಂಗಣದಲ್ಲಿ ಸಂತಾಪ ಸಭೆ ಇದೆ, ಫೋಟೋಗೆ ಕಟ್ಟು ಹಾಕಿಸಲು ಕೊಟ್ಟಿದ್ದೇವೆ ಎಂದರು. ನಾನು ಮುಂದಿನ ಸಾಲಿನಲ್ಲಿ ಕೂರಬೇಕು. ಅತ್ತೆಯನ್ನೂ ಕರೆತಂದರೆ ಚೆನ್ನ.

ಅತ್ತೆಯನ್ನು ಕರೆದೊಯ್ಯಲಿಲ್ಲ. ಮುಂದಿನ ಸಾಲಿನಲ್ಲಿ ಕೂತೆ.

ಎಲ್ಲರೂ ಚೆನ್ನಾಗಿ ಮಾತಾಡಿದರು. ಸ್ಪೆಷಲ್ ರೂಮಿಗೆ ಬಂದಿದ್ದ ಮೂವರಲ್ಲಿ ಒಬ್ಬರು, ಅವನ ಕಣ್ಣು ತಪ್ಪಿಸಿ ಯಾವ ರೋಗವೂ ಹೋಗುತ್ತಿರಲಿಲ್ಲ ಎಂದರು. ಇನ್ನೊಬ್ಬರು ಬಿಚ್ಚಪ್ಪ ಎಂಬ ಅಡ್ಡಹೆಸರನ್ನು ನೆನೆದು ಸಭೆಯನ್ನು ನಗಿಸಿದರು. ದೊಡ್ಡವರು ಮಗನನ್ನು ಕಳೆದುಕೊಂಡಂತಾಗಿದೆ ಎಂದು ಕಣ್ಣೊರೆಸಿಕೊಂಡರು. ಆ ಕಣ್ಣೀರು ಸುಳ್ಳಲ್ಲ. ಅದೇ ನನಗೆ ಸಹಿಸಲಾಗಲಿಲ್ಲ. ಆಮೇಲೆ ನನಗೂ ಎರಡು ಮಾತಾಡಲು ಹೇಳಿದರು. ಎದ್ದೆ. ಆ ಸಭಾಂಗಣದಲ್ಲಿ ಪ್ರತಿ ಗುರುವಾರ ಕೇಸನ್ನು ಹೇಗೆ ಓದುತ್ತಾರೋ ಹಾಗೇ ಹೇಳಿದೆ.

"ರೋಗಿ ಗಂಡಸು. ವಯಸ್ಸು ಮೂವತ್ತಾರು. ಜ್ವರ ಮತ್ತು ತಲೆನೋವೆಂದು ದಾಖಲು. ನಾಡಿ, ಬಿಪಿ, ಉಸಿರು ಕ್ರಮವಾಗಿ ನೋಡಲಾಗಿದೆ. ಎದೆಯ ಬಡಿತ ಅಂಗಿಯ ಮೇಲಿನಿಂದ ಕೇಳಲಾಗಿದೆ. ಬಟ್ಟೆ ಬಿಚ್ಚಿಸಿ ನೋಡಿಲ್ಲ. ಸ್ಕ್ಯಾನು ಮಾಡಲಾಗಿದೆ. ಬಟ್ಟೆ ಬಿಚ್ಚಿಸಿ ನೋಡಿಲ್ಲ. ಸತ್ತ ಮೇಲೆ ಅಣ್ಣ ಮೈ ತೊಳೆಯುವಾಗ ಕರಿ ಹಕ್ಕಳೆ ಕಂಡಿದ್ದಾರೆ. ಎತ್ತಿಟ್ಟ ರಕ್ತದಲ್ಲಿ ಸ್ಕ್ರಬ್ ಟೈಫಸ್ ಇದೆ. ಪ್ರಶ್ನೆಗಳಿದ್ದರೆ ಕೇಳಿ."

ಫ್ಯಾನು ತಿರುಗುತ್ತಿತ್ತು. ಹಿಂದಿನ ಸಾಲಿನ ವಿದ್ಯಾರ್ಥಿಗಳು ತಲೆ ತಗ್ಗಿಸಿದ್ದರು. ಪ್ರಶ್ನೆ ಕೇಳಲು ಬೇಕಾದಷ್ಟು ಹೊತ್ತು ನಿಂತಿದ್ದೆ. ದೊಡ್ಡವರು ಎದ್ದು ಬಂದು ನನ್ನ ಭುಜದ ಮೇಲೆ ಕೈಯಿಟ್ಟರು. ದುಃಖ ಏನೇನೋ ಮಾತಾಡಿಸುತ್ತದೆ, ನಾವೆಲ್ಲ ಈ ಮಗಳ ಜೊತೆ ಇದ್ದೇವೆ ಎಂದು ಸಭೆಗೆ ಹೇಳಿದರು. ಒಂದು ನಿಮಿಷ ಮೌನ ಎಂದರು. ಎಲ್ಲರೂ ಎದ್ದು ನಿಂತರು. ಮೌನ ಅವರಿಗೆ ಕಷ್ಟವಾಗಲಿಲ್ಲ.

ಹೊರಗೆ ಕಾರಿಡಾರಿನಲ್ಲಿ ಕಿರಿಯ ಡಾಕ್ಟರೊಬ್ಬಳು ಕಾದಿದ್ದಳು. ನನ್ನ ಗಂಡನನ್ನು ದಾಖಲು ಮಾಡಿಕೊಂಡವಳು. ಪೂರ್ತಿ ಮೈ ನೋಡಲಾ ಎಂದು ಅವತ್ತೇ ಮೇಲಿನವರನ್ನು ಕೇಳಿದ್ದಳಂತೆ. ಅವರೇ ಡಾಕ್ಟರು, ಏನಾದರೂ ಇದ್ದರೆ ಅವರೇ ಹೇಳುತ್ತಾರೆ, ಸುಮ್ಮನೆ ಮುಜುಗರ ಮಾಡಬೇಡ ಎಂದರಂತೆ. ಐಸಿಯುನಲ್ಲಿ ನರ್ಸುಗಳು ಕಲೆ ನೋಡಿ, ಮಲಗಿ ಮಲಗಿ ಆದ ಹುಣ್ಣೆಂದು ಪುಡಿ ಹಾಕಿದ್ದರಂತೆ. ಹೇಳುತ್ತಾ ಅತ್ತಳು. ನನಗೆ ಅವಳನ್ನು ಸಮಾಧಾನ ಮಾಡಲು ಬರಲಿಲ್ಲ. ಅದನ್ನು ಒಳಗೆ ಹೇಳಬೇಕಿತ್ತು ಎಂದೆ. ಅವಳು ಹೋದಳು.

ಎಲ್ಲರೂ ಚದುರಿದ ಮೇಲೆ ಹೆಂಗಸರ ವಾರ್ಡಿನ ಹಿರಿಯ ಸಿಸ್ಟರ್ ಹತ್ತಿರ ಬಂದರು. ಈ ಹೊತ್ತಲ್ಲಿ ಕೇಳಬಾರದು, ಆದರೂ ಕೇಳದೆ ವಿಧಿಯಿಲ್ಲ ಎಂದರು. ಅವರ ವಾರ್ಡಿನ ಸ್ಕ್ರೀನನ್ನು ನನ್ನ ಗಂಡ ಎರವಲು ಒಯ್ದಿದ್ದರಂತೆ. ಹಾಸಿಗೆಯ ಸುತ್ತ ನಿಲ್ಲಿಸುವ, ಗಾಲಿ ಇರುವ, ಮೂರು ಮಡಿಕೆಯ ಬಟ್ಟೆಯ ಮರೆ. ಗಂಡಸರ ವಾರ್ಡಿನದು ಹರಿದುಹೋಗಿತ್ತು. ಮರೆ ಇಲ್ಲದೆ ಯಾವ ಗಂಡಸು ಬಿಚ್ಚುತ್ತಾನೆ ಎಂದು ಹೇಳಿ, ನಾಳೆ ತರುತ್ತೇನೆಂದು ದಬ್ಬಿಕೊಂಡು ಹೋದವರು ತಂದಿರಲಿಲ್ಲ.

"ಈಗಲೇ ಬೇಕಾ?" ಎಂದೆ.

"ಸೋಮವಾರ ತಪಾಸಣೆಗೆ ಬರ್ತಾರಮ್ಮ. ವಾರ್ಡಿಗೊಂದು ಸ್ಕ್ರೀನ್ ಇರಲೇಬೇಕು. ಇಲ್ಲಾಂದ್ರೆ ನನ್ನ ತಲೆಗೆ ಬರುತ್ತೆ."

ಗಂಡಸರ ವಾರ್ಡಿಗೆ ಹೋದೆ. ಸ್ಕ್ರೀನು ಮೂಲೆಯಲ್ಲಿ ಮಡಚಿ ನಿಂತಿತ್ತು. ಅದರ ಮೇಲೆ ಯಾರೋ ಒದ್ದೆ ಟವೆಲು ಒಣಗಲು ಹಾಕಿದ್ದರು. ಟವೆಲು ತೆಗೆದು ಕಿಟಕಿಯ ಸರಳಿಗೆ ಹಾಕಿ ಸ್ಕ್ರೀನನ್ನು ದಬ್ಬಿದೆ. ಒಂದು ಗಾಲಿ ತಿರುಗುತ್ತಿರಲಿಲ್ಲ. ಕಾರಿಡಾರಿನುದ್ದಕ್ಕೂ ಅದು ನೆಲ ಕೆರೆಯಿತು. ಎದುರು ಬಂದ ಡಾಕ್ಟರುಗಳು ಗೋಡೆಗೆ ಸರಿದು ದಾರಿ ಬಿಟ್ಟರು.

"ಒಯ್ದಾಗ ಗಾಲಿ ಸರಿ ಇತ್ತು," ಎಂದರು ಸಿಸ್ಟರ್. ನಾಲಿಗೆ ಕಚ್ಚಿಕೊಂಡರು. "ಇರಲಿ ಬಿಡಿ. ಆ ಗೋಡೆಗೆ ಒರಗಿಸಿಬಿಡಿ."

ಗೋಡೆಯ ಪಕ್ಕದ ಹಾಸಿಗೆಯಲ್ಲಿ ನನ್ನ ವಯಸ್ಸಿನ ಹೆಂಗಸೊಬ್ಬಳು ಕಂಬಳಿ ಹೊದ್ದು ನಡುಗುತ್ತಿದ್ದಳು. ನನ್ನನ್ನು ಡಾಕ್ಟರೆಂದುಕೊಂಡಳೋ ಏನೋ, ತಲೆ ಎತ್ತಿದಳು.

"ಅದು ನನಗಾ?"

ಇವಳನ್ನು ಬಿಚ್ಚಿಸಿ ನೋಡಿದ್ದಾರಾ ಎಂದು ಸಿಸ್ಟರನ್ನು ಕೇಳಿದೆ. ಜ್ವರ ಅಷ್ಟೇ, ಡಾಕ್ಟರು ರಿಪೋರ್ಟು ಬರಲಿ ಅಂದಿದ್ದಾರೆ ಎಂದರು.

"ಹೌದು," ಎಂದೆ ಹೆಂಗಸಿಗೆ. "ನಿನಗೇ."

ಮೂರು ಮಡಿಕೆಯನ್ನೂ ಬಿಡಿಸಿ ಅವಳ ಹಾಸಿಗೆಗೆ ಅಡ್ಡ ನಿಲ್ಲಿಸಿದೆ. ತಿರುಗದ ಗಾಲಿಯನ್ನು ಕಾಲಿನಿಂದ ಒದ್ದು ಸರಿಮಾಡಿ, ಆ ಕಿರಿಯ ಡಾಕ್ಟರನ್ನು ಕರೆಯಲು ಹೊರಟೆ.